ಒಂದು ರೊಟ್ಟಿ ಬಡಿದು ಉಣ್ಣುವ ಅಡುಗೆಮನೆ

ಭಾನುವಾರ ದೀಪ ಹಚ್ಚುವ ಹೊತ್ತು. ವಿಜಾಪುರದ ಸ್ಟೇಷನ್ ರಸ್ತೆಯಲ್ಲಿರುವ ಶಿವಶರಣಪ್ಪನವರ ಖಾನಾವಳಿ ಗಿಜಿಗುಡುತ್ತಿದೆ. ಮೂಲೆಯಲ್ಲಿ ಯಲಗೂರಪ್ಪ ಹಾರ್ಮೋನಿಯಂ ನುಡಿಸುತ್ತಾನೆ, ಉಣ್ಣುವವರು ಎಡಗೈಯಿಂದ ತೊಡೆ ತಟ್ಟುತ್ತ ತಾಳ ಹಾಕುತ್ತಾರೆ. ಶಹಭಾಸ್ ಎಲ್ಲ ಅವನಿಗೇ. ಗೋಡೆಯಾಚೆ ಒಲೆಯ ಮುಂದೆ ರೊಟ್ಟಿ ಬಡಿಯುವ ಮುರಿಗೆವ್ವನನ್ನು ಯಾರೂ ಕೇಳುವುದಿಲ್ಲ. ನಾನು ಈ ಸಲ ಹಿತ್ತಲ ಬಾಗಿಲಿಂದ ಒಳಹೊಕ್ಕಿದ್ದೇನೆ. ನಿಜವಾದ ಗಮ್ಮತ್ತು ಇಲ್ಲೇ ಇದೆ!

ತಿಕೋಟಾ, ಬಬಲೇಶ್ವರದ ಕಡೆಯ ಎಂಟು-ಹತ್ತು ಹೆಂಗಸರು ಒಲೆಯ ಸುತ್ತ ಕೂತು ಕೇಕೆ ಹಾಕಿ ನಗುತ್ತಿದ್ದಾರೆ. ತಾಟು ಸಿಗಬೇಕಾದರೆ ಪ್ರತಿಯೊಬ್ಬಳೂ ಮೊದಲು ಒಂದು ರೊಟ್ಟಿ ಬಡಿಯಬೇಕು. ಇದು ಮುರಿಗೆವ್ವ ಹಾಕಿದ ಕಟ್ಟಳೆ.

"ಹೆಣ್ಣಮಕ್ಕಳು ಖಾನಾವಳ್ಯಾಗ ಉಂಡ್ರ ಊರಾಗ ಆಡಿಕೊಂತಾರ್ರಿ. ಸಿನಿಮಾಕ್ಕ ಬಂದ ಗಂಡಸರು ಒಳಗ ಉಣತಿದ್ರು, ಇವರು ಬೀದ್ಯಾಗ ಹಸದು ನಿಂದರತಿದ್ರು. ಒಮ್ಮಿ ತಿಕೋಟಾದ ಹೊಳೆವ್ವನ್ನ ಕರದು, 'ಬಾ ಬೇ, ಒಂದು ರೊಟ್ಟಿ ಬಡದು ಕೊಡು' ಅಂದ್ನಿ. ಕೈ ಹಚ್ಚಿದ ಮ್ಯಾಲ ಅಕಿ ಗಿರಾಕಿ ಹೆಂಗಾದಾಳು? ಮನಿಯಾಕಿ ಆದ್ಲು."

ಅವರು ಬಡಿದ ರೊಟ್ಟಿ ಹೊರಗಿನ ಪಂಕ್ತಿಗೆ ಹೋಗುತ್ತದೆ. ಮನೆಯಲ್ಲಿ ದಿನಾ ಹೆಂಡತಿಯ ಅಡುಗೆಯಲ್ಲಿ ತಪ್ಪು ಹುಡುಕುವ ಹೊಳೆವ್ವನ ಗಂಡ ಅಮೋಘಿ, ಇಲ್ಲಿ ಅದೇ ಕೈಯ ರೊಟ್ಟಿ ಮುರಿದು "ಖಾನಾವಳಿ ರೊಟ್ಟಿ ರುಚೀನ ಬ್ಯಾರೆ!" ಎಂದು ಕೂಗುತ್ತಾನೆ. ಹೊಳೆವ್ವ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾಳೆ.

ಮುರಿಗೆವ್ವ ಬಬಲೇಶ್ವರದವಳು. ಐವತ್ತಾರನೇ ಇಸವಿಯಲ್ಲಿ ಗಂಡ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಬಂದು ಈ ಒಲೆ ಹಿಡಿದಳು. ಬೆಳಗಿನ ಐದಕ್ಕೇ ಹಿಟ್ಟು ನಾದುತ್ತಾಳೆ. ದಿನಕ್ಕೆ ಇನ್ನೂರು ರೊಟ್ಟಿ, ಭಾನುವಾರ ಮುನ್ನೂರು. ಅಂಗೈ ಜಡ್ಡುಗಟ್ಟಿದ್ದಕ್ಕೆ ದೂರಿಲ್ಲ. ಕೊರಗು ಒಂದೇ, ಅಕ್ಕ ಕಾಶಿಬಾಯಿಯದು. "ನನ್ನ ಮನೆಗೆ ಬಾ, ರೊಟ್ಟಿ ಮಾತ್ರ ಮಾರಬೇಡ" ಎಂದಿದ್ದಳಂತೆ ಅಕ್ಕ. ತಂಗಿ ಕೇಳಲಿಲ್ಲ. ಒಂಬತ್ತು ವರ್ಷದಿಂದ ಅಕ್ಕ ಅವಳ ಕೈಯ ನೀರೂ ಮುಟ್ಟಿಲ್ಲ.

"ನನ್ನ ಮಗಳ ಮದುವಿಗೆ ಬಂದಾಕಿ ಉಣದ ಹ್ವಾದ್ಲರಿ. ಅವತ್ತ ಭಾಳ ಅತ್ತೇನಿ."

ಇಂದು ಸೊಸೆಯ ಜೊತೆ ಸಿನಿಮಾಕ್ಕೆ ಬಂದ ಅದೇ ಕಾಶಿಬಾಯಿ ಹಿತ್ತಲ ಬಾಗಿಲಲ್ಲಿ ನಿಂತಿದ್ದಾಳೆ. ನಗು ನಿಲ್ಲುತ್ತದೆ.

"ನಾ ಉಣ್ಣಾಕ ಬಂದಿಲ್ಲ. ಸೊಸಿ ಹಸದಾಳ."

ಮುರಿಗೆವ್ವ ಉಣ್ಣೆಂದು ಒತ್ತಾಯಿಸುವುದಿಲ್ಲ. ನಾದಿದ ಹಿಟ್ಟನ್ನು ಮುಂದಕ್ಕೆ ಸರಿಸಿ, "ಉಣಬ್ಯಾಡಕ್ಕಾ. ನನ್ನ ಕೈ ಸೋತಾವು, ಒಂದು ಬಡಿ" ಎನ್ನುತ್ತಾಳೆ.

ಕಾಶಿಬಾಯಿ ನಿಂತೇ ಇರುತ್ತಾಳೆ. ಆಮೇಲೆ ಕೈ ತೊಳೆದು ಕೂರುತ್ತಾಳೆ. ಅವಳ ಕೈಯಲ್ಲಿ ರೊಟ್ಟಿ ತೆಳ್ಳಗೆ, ದುಂಡಗೆ ಹರಡಿಕೊಳ್ಳುತ್ತದೆ. ಅದು ಹಂಚಿನ ಮೇಲೆ ಉಬ್ಬುವಷ್ಟರಲ್ಲಿ ಮುರಿಗೆವ್ವ ತಾನು ಮಾಡಿದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ ಬಡಿಸಿ ಸೊಸೆಗೊಂದು ತಾಟು ಕೊಟ್ಟು, ಇನ್ನೊಂದನ್ನು ಅಕ್ಕನ ಮುಂದಿಡುತ್ತಾಳೆ.

ಕಾಶಿಬಾಯಿ ಒಂದು ತುತ್ತು ಮುರಿಯುತ್ತಾಳೆ. "ಪಲ್ಯಾಕ ಉಪ್ಪು ಕಡಿಮಿ ಆಗೈತಿ" ಎಂದು, ಇನ್ನೊಂದು ಮುರಿಯುತ್ತಾಳೆ.

"ಮುರಿಗೆವ್ವಾ, ಬಿಸಿ ರೊಟ್ಟಿ ಕಳಸು!" ಹೊರಗಿನಿಂದ ಶಿವಶರಣಪ್ಪನವರ ಕೂಗು.

ಮುರಿಗೆವ್ವ ಹಂಚಿನ ಮೇಲಿನ ರೊಟ್ಟಿಯನ್ನು ತೆಗೆದು ತನ್ನ ತಾಟಿಗೆ ಹಾಕಿಕೊಳ್ಳುತ್ತಾಳೆ.

"ತಡೀರಿ ಸಾವ್ಕಾರ್ರ, ಇದು ಮಾರೂದಲ್ಲ. ನಮ್ಮಕ್ಕ ನನಗ ಮಾಡ್ಯಾಳ."