ಎಲೆಯಿಂದ ಎಬ್ಬಿಸಬಾರದು

ಹುಳು ಕಂಡುಹಿಡಿಯುವುದರಲ್ಲಿ ನನಗೆ ಸರಿಸಾಟಿ ಇಲ್ಲ ಎಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಬೈಕುಲ್ಲಾದ ಬಾಳೆಎಲೆ ಊಟದ ಹೋಟೆಲಿನಲ್ಲಿ ನಲವತ್ತು ವರ್ಷ ಮೇಲ್ವಿಚಾರಕನಾಗಿ ಸೊಪ್ಪು, ಹೂಕೋಸು, ಬದನೆಕಾಯಿಗಳನ್ನು ತಪಾಸಣೆ ಮಾಡಿದ ಕಣ್ಣಿದು. ಹಾಗಿದ್ದೂ ನಮ್ಮ ಭಾಂಡುಪ್ ಮನೆಯ ಬಾಲ್ಕನಿಯಲ್ಲಿ, ಬ್ಲ್ಯಾಕ್‌ಬೆರಿ ಗಿಡದ ಎಲೆಯ ಮೇಲೆ ಬಿಳಿ ಗೀಟು ಕಂಡಾಗ, ಬಿಸಿಲಿಗೆ ಹಾಗಾಗಿದೆ ಎಂದು ತೀರ್ಪು ಕೊಟ್ಟುಬಿಟ್ಟೆ. ಮರುದಿನ ಗೀಟು ಉದ್ದವಾಗಿತ್ತು. ಬಿಸಿಲು ಅಷ್ಟು ಡೊಂಕಾಗಿ ನಡೆಯುವುದಿಲ್ಲ.

ಭೂತಗನ್ನಡಿ ಹಿಡಿದೆ. ಎಲೆಯ ಎರಡು ಪದರಗಳ ನಡುವೆ ಪುಟ್ಟ ಹುಳುವೊಂದು ಮಲಗಿಕೊಂಡೇ ಉಣ್ಣುತ್ತಿತ್ತು. ಮೊಬೈಲಿನಿಂದ ಸಂಪಾದಿಸಿದ ನನ್ನ ಪಾಂಡಿತ್ಯದ ಪ್ರಕಾರ ಅದು ಒಂದು ಪತಂಗದ ಮರಿ. ರೆಕ್ಕೆ ಬಂದ ಮೇಲೂ ಅಕ್ಕಿಕಾಳಿಗಿಂತ ಚಿಕ್ಕದೇ. ಈ ಮುಳ್ಳುಗಿಡದ ಬಳಗ ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲವಂತೆ. ಪಕ್ಕದ ಹೋಟೆಲಿಗೆ ಕಾಲಿಡದ ಇಂಥ ಗಿರಾಕಿಗಾಗಿ ನಾನು ಜೀವಮಾನವಿಡೀ ಹಂಬಲಿಸಿದ್ದೆ.

ಆದರೆ ಗಿಡ ನನ್ನ ಹೆಂಡತಿಯದು. ಮಹಾಬಲೇಶ್ವರದಿಂದ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದದ್ದು. ಅವಳು ಕತ್ತರಿ ಹಿಡಿದೇ ಬಂದಳು.

“ಹುಳ ಉಂಟು ಮಾರಾಯ್ರೆ. ಈ ಎಲೆ ತೆಗೆಯದಿದ್ರೆ ಗಿಡ ಇಡೀ ಹೋಗ್ತದೆ.”

“ಊಟಕ್ಕೆ ಕೂತವರನ್ನ ಎಲೆಯಿಂದ ಎಬ್ಬಿಸುದುಂಟಾ?” ಎಂದೆ.

ತಮಾಷೆಗೆಂದು ಬಾಯಿಗೆ ಬಂದ ಮಾತು. ಆಡಿದ ಮೇಲೆ ನನಗೇ ಚುಚ್ಚಿತು. ಒಂದು ಮಧ್ಯಾಹ್ನದ ನೂಕುನುಗ್ಗಲಿನಲ್ಲಿ, ನಿಧಾನವಾಗಿ ಉಣ್ಣುತ್ತಿದ್ದ ಮುದುಕರೊಬ್ಬರ ಬೆನ್ನ ಹಿಂದೆ ನಿಂತು “ಜಲ್ದಿ ಚಾಚಾ, ಜಲ್ದಿ” ಎಂದವನು ನಾನು. ಅವರು ಮೊಸರನ್ನ ಅರ್ಧಕ್ಕೇ ಬಿಟ್ಟು ಕೈತೊಳೆಯಲು ಎದ್ದರು. ಮತ್ತೆಂದೂ ಬರಲಿಲ್ಲ. ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಈ ಕಥೆ ಹೆಂಡತಿಗೆ ಗೊತ್ತು. ಅವಳು ಕತ್ತರಿ ಕೆಳಗಿಟ್ಟಳು.

“ಒಂದೇ ಎಲೆ ಆಯ್ತಾ? ಇನ್ನೊಂದಕ್ಕೆ ಬಾಯಿ ಹಾಕಿದ್ರೆ ನಾನು ಕೇಳುವವಳಲ್ಲ.”

ನಾಲ್ಕು ದಿನ ಕಾವಲು ಕೂತೆ. ಐದನೆಯ ಬೆಳಿಗ್ಗೆ ಗೀಟು ಅಗಲವಾಗುತ್ತ ಬಂದು ಅಂಚಿನ ಸಣ್ಣ ಸೀಳಿನಲ್ಲಿ ಮುಗಿದಿತ್ತು. ಒಳಗೆ ಯಾರೂ ಇರಲಿಲ್ಲ. ಗೂಡು ಕಟ್ಟಲು ಕುಂಡದ ಮಣ್ಣಿಗೆ ಇಳಿದಿರಬೇಕು. ಎಲೆಯ ಮೇಲಿದ್ದುದನ್ನು ಉಂಡವರನ್ನು ಸಾವಿರಗಟ್ಟಲೆ ನೋಡಿದ್ದೇನೆ. ಎಲೆಯ ಒಳಗನ್ನೇ ಇಷ್ಟು ಚೊಕ್ಕವಾಗಿ ಉಂಡು ಎದ್ದವನು ಇವನೊಬ್ಬನೇ.

“ಊಟ ಆಯ್ತಲ್ಲ, ಈಗ ತೆಗೀಬಹುದಾ?” ಎಂದು ಹೆಂಡತಿ ಮತ್ತೆ ಕತ್ತರಿ ತಂದಳು.

ಹೋಟೆಲಿನಲ್ಲಿ ಅಷ್ಟು ವರ್ಷ ಇದ್ದರೂ ನಾನು ಯಾರೊಬ್ಬರ ಎಂಜಲೆಲೆ ಎತ್ತಿದವನಲ್ಲ, ಮೇಲ್ವಿಚಾರಕ ನೋಡಿ. ಅವಳ ಕೈಯಿಂದ ಕತ್ತರಿ ತೆಗೆದುಕೊಂಡು, ಆ ಎಲೆಯನ್ನು ನಾನೇ ಎತ್ತಿದೆ.