‘ಉಂಟು’ ತೆಗೆಯುವ ಕೆಲಸ

೧೯೮೬ರಲ್ಲಿ ನನ್ನ ಹುದ್ದೆಯ ಹೆಸರು ಸಂಭಾಷಣೆ ಸಹಾಯಕ. ಹೆಸರು ದೊಡ್ಡದು, ಕೆಲಸ ಒಂದೇ: ನಾಯಕಿಯ ಬಾಯಿಂದ ನಮ್ಮ ಕರಾವಳಿಯ ‘ಉಂಟು’ ತೆಗೆದು ‘ಇದೆ’ ಹಾಕುವುದು.

ನಮ್ಮ ಅಮ್ಮಂದಿರು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಓದಿದ್ದ ಒಂದು ಹಳೆಯ ಪ್ರೇಮ ಕಾದಂಬರಿಯನ್ನು ಟಿ.ವಿ.ಗೆ ಚಿತ್ರ ಮಾಡಲು ಬೆಂಗಳೂರಿನ ತಂಡವೊಂದು ಉಡುಪಿಗೆ ಬಂದಿತ್ತು. ಕಾದಂಬರಿಯ ನಾಯಕಿ ಮೈಸೂರಿನವಳು. ಪಾತ್ರಕ್ಕೆ ಸಿಕ್ಕಿದವರು ಕಾರ್ಕಳದ ವಾರಿಜಾ ಟೀಚರ್. ಪರ್ಕಳದ ನಾನು ಮೈಸೂರಿನಲ್ಲಿ ಒಂದು ವರ್ಷ ಓದಿ ಫೇಲಾಗಿ ಬಂದಿದ್ದೆ. ಆ ಅರ್ಹತೆಯ ಮೇಲೆ ನನ್ನನ್ನು ಭಾಷಾ ಪಂಡಿತನೆಂದು ಸೇರಿಸಿಕೊಂಡರು.

ಶೂಟಿಂಗ್ ಮುಗಿಯುವವರೆಗೆ ನಾನೂ ಟೀಚರೂ ತುಳು ಬಂದ್ ಮಾಡಿ ಕನ್ನಡವನ್ನೇ ಆಡಿದೆವು. ಎಲ್ಲ ದೃಶ್ಯ ಹೇಗೋ ದಾಟಿದವು. ಉಳಿದದ್ದು ಕೊನೆಯದು. ಕಾಪು ದೀಪಸ್ತಂಭದ ಕೆಳಗೆ ನಾಯಕ ಕೇಳುತ್ತಾನೆ, “ಇನ್ನೂ ನನ್ನ ಮೇಲೆ ಪ್ರೀತಿ ಇದೆಯಾ?” ಅವಳು ಹೇಳಬೇಕಾದದ್ದು ಒಂದೇ ಪದ.

“‘ಇದೆ’ ಹೇಳಿ ಟೀಚರೇ,” ಎಂದೆ.

“ಇದೆ.”

“ಈಗ ಸ್ವಲ್ಪ ಪ್ರೀತಿಯಿಂದ.”

“ಉಂಟು.”

ನಾನು ಮರಳಿನಲ್ಲಿ ಕುಳಿತುಬಿಟ್ಟೆ. “ಬೋರ್ಡಿನ ಮೇಲೆ ಇದೆ ಅಂತಲೇ ಬರೆಯುತ್ತೇನೆ ಮಾರಾಯಾ. ಪ್ರೀತಿ ಬಂದ ಕೂಡಲೇ ಉಂಟು ಬರುತ್ತದೆ. ಎಂತ ಮಾಡುವುದು?” ಎಂದರು ಟೀಚರ್.

ಬಿಸಿಲು, ಉಪ್ಪುಗಾಳಿ, ಟೇಕ್ ಮೇಲೆ ಟೇಕ್. ನಿರ್ದೇಶಕರ ಸಹನೆ ಕಡಲಿಗಿಂತ ಮೊದಲೇ ಇಳಿಯಿತು. “ನೋಡಮ್ಮಾ, ಈ ಪದ ಬರ್ಲಿಲ್ಲ ಅಂದ್ರೆ ಬೆಂಗಳೂರಲ್ಲಿ ಬೇರೆಯವರ ಕೈಲಿ ಡಬ್ಬಿಂಗ್ ಮಾಡಿಸ್ತೀನಿ. ಪೂರ್ತಿ ಚಿತ್ರಕ್ಕೆ.” ಡಬ್ಬಿಂಗ್ ಎಂದರೆ ಮುಖ ಒಬ್ಬರದು, ಸ್ವರ ಇನ್ನೊಬ್ಬರದು.

ಟೀಚರ ಮುಖ ಬಾಡಿತು. ನನ್ನನ್ನು ಬದಿಗೆ ಕರೆದು ಹೇಳಿದರು: “ಮನೆಯಲ್ಲಿ ನನ್ನ ಅಜ್ಜಿಗೆ ಕಣ್ಣು ಕಾಣುವುದಿಲ್ಲ. ಟಿ.ವಿ.ಯಲ್ಲಿ ಬೇರೆ ಯಾರದ್ದೋ ಸ್ವರ ಬಂದರೆ, ನಾನು ಅದರಲ್ಲಿ ಇದ್ದೇನೆ ಅಂತ ಅವರಿಗೆ ಗೊತ್ತಾಗುವುದು ಹೇಗೆ?”

ನಾನು ಹೋಗಿ ಒಂದು ಸ್ಲೇಟು, ಬಳಪ ಹುಡುಕಿ ತಂದೆ.

ಫಿಲ್ಮ್ ಒಂದೇ ಟೇಕಿಗಾಗುವಷ್ಟು ಉಳಿದಿತ್ತು. ಸೂರ್ಯ ನೀರಿಗೆ ತಾಗುತ್ತಿದ್ದ. ಹೀರೋಗೆ ಆ ಸಂಜೆಯೇ ಬೇರೆ ಶೂಟಿಂಗಿಗೆ ಹೊರಡಬೇಕಿತ್ತು. ಅವನು ಕ್ಯಾಮೆರಾಗೆ ಬೆನ್ನು ಹಾಕಿ ನಿಂತ. ಕಾಣುವುದು ಟೀಚರ ಮುಖ ಮಾತ್ರ. ನಾನು ಸ್ಲೇಟಿನಲ್ಲಿ ‘ಇದೆ’ ಎಂದು ದಪ್ಪಕ್ಕೆ ಬರೆದು, ಕ್ಯಾಮೆರಾ ಪಕ್ಕ ಎತ್ತಿ ಹಿಡಿದೆ.

“ಆ್ಯಕ್ಷನ್!”

ಹೀರೋ ಭಾವ ತುಂಬಿ ಕೇಳಿದ: “ಇನ್ನೂ ನನ್ನ ಮೇಲೆ ಪ್ರೀತಿ ಉಂಟಾ?”

ಟೀಚರ್ ಕದಲಲಿಲ್ಲ. ಕಣ್ಣು ತುಂಬಿಕೊಂಡು, ಸ್ಪಷ್ಟವಾಗಿ ಹೇಳಿದರು: “ಇದೆ.”

ಫಿಲ್ಮ್ ಮುಗಿಯಿತು. ಸೂರ್ಯನೂ ಮುಗಿದ. ನಿರ್ದೇಶಕರು ಹೀರೋನ ಕಡೆ ತಿರುಗಿದರು. “ಏನಯ್ಯಾ ಇದು? ನೀನು ಬಸವನಗುಡಿಯವನಲ್ವಾ?”

ಹೀರೋ ನನ್ನತ್ತ ಕೈ ತೋರಿಸಿದ. “ಇವ್ರ ಜೊತೆ ದಿನಾ ಮಣಿಪಾಲದ ಲಾಡ್ಜಿಂದ ಕಾರಲ್ಲಿ ಬರ್ತಿದ್ನಲ್ಲ ಸಾರ್. ಟೀ ಉಂಟಾ, ಸಿಗರೇಟ್ ಉಂಟಾ, ಟೈಮ್ ಉಂಟಾ. ಹತ್ಕೊಂಡ್ಬಿಡ್ತು.”

ಟೀಚರ ಬಾಯಿಂದ ತೆಗೆದದ್ದನ್ನೆಲ್ಲ ನಾನು ಅವನ ಬಾಯಿಗೆ ತುಂಬಿಸಿದ್ದೆ. ಅವನಿಗೆ ಡಬ್ಬಿಂಗಿಗೆ ಬರಲು ಪುರುಸೊತ್ತಿರಲಿಲ್ಲ. “ಅಂಟಿಸಿದವನೇ ಬಂದು ತೆಗೀಲಿ” ಎಂದರು ನಿರ್ದೇಶಕರು. ಬೆಂಗಳೂರಿನ ಸ್ಟುಡಿಯೋದಲ್ಲಿ ಆ ಒಂದು ಪದವನ್ನು ನಾನೇ ಹೇಳಿದೆ: “ಇದೆಯಾ?” ನನ್ನ ಜೀವಮಾನದ ಏಕೈಕ ಪ್ರೇಮ ಸಂಭಾಷಣೆ ಅದು, ಅದೂ ಇನ್ನೊಬ್ಬನ ಬೆನ್ನಿಗೆ.

ಒಬ್ಬರ ಮಾತು ತಿದ್ದುವಾಗ ಪಕ್ಕದಲ್ಲಿ ಕೂತವರು ನಮ್ಮ ಮಾತನ್ನೇ ಕಲಿಯುತ್ತಿರುತ್ತಾರೆ. ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ.

ಚಿತ್ರ ಪ್ರಸಾರವಾದ ದಿನ ಕಾರ್ಕಳಕ್ಕೆ ಹೋಗಿದ್ದೆ. ಅಜ್ಜಿ ಟಿ.ವಿ. ಕಡೆ ಕಿವಿ ಕೊಟ್ಟು ಕುಳಿತಿದ್ದರು. ‘ಇದೆ’ ಬಂತು. ಅಜ್ಜಿ ಮೊಮ್ಮಗಳ ಕೈ ಹುಡುಕಿ ಹಿಡಿದುಕೊಂಡು ತುಳುವಿನಲ್ಲಿ, “ಇದು ನಿನ್ನದೇ ಸ್ವರ” ಎಂದರು.

ಚಿತ್ರ ಮುಗಿದ ಮೇಲೆ ಅಜ್ಜಿ ಕೇಳಿದರು: “ಆ ಹುಡುಗನಿಗೆ ಎಂತ, ‘ಇದೆಯಾ’ ಹೇಳುವಾಗ ಮಾತ್ರ ಶೀತ ಆದದ್ದಾ?”

ಟೀಚರ್ ಸೆರಗು ಬಾಯಿಗೆ ಒತ್ತಿ ನನ್ನನ್ನು ನೋಡಿದರು.

“ಹೌದು ಅಜ್ಜಿ,” ಎಂದೆ, “ಅವನಿಗೆ ಸ್ವಲ್ಪ ಶೀತ ಉಂಟು.”