ಕೈಗುಣದ ಬಾಕಿ

ಯಶೋಧರ ಡಾಕ್ಟರು ಹೊಸನಗರದಲ್ಲಿ ದವಾಖಾನೆ ತೆರೆದದ್ದು ೧೯೬೪ರಲ್ಲಿ. ಹುಂಚದ ಕಡೆಯ ಜೈನರ ಮನೆಯವರು, ಮೈಸೂರಿನಲ್ಲಿ ಓದು ಮುಗಿಸಿ ಆಗಷ್ಟೇ ಬಂದಿದ್ದರು. ನಾನು ಗಣೇಶಮೂರ್ತಿ, ಅವರ ಕಂಪೌಂಡರ್. ಮೊದಲ ದಿನವೇ ನನಗೊಂದು ನೋಟುಬುಕ್ಕು ತೋರಿಸಿದರು. ವರ್ಷದ ಯೋಜನೆಯಂತೆ. ತಿಂಗಳಿಗೆ ಮುನ್ನೂರು ರೂಪಾಯಿ ಬರುತ್ತದೆ. ನೂರು ಔಷಧಿಗೆ, ನಲವತ್ತು ಬಾಡಿಗೆಗೆ, ಎಪ್ಪತ್ತೈದು ಓದಿಗೆ ಮಾಡಿದ ಸಾಲಕ್ಕೆ, ಐವತ್ತು ನನಗೆ, ಉಳಿದದ್ದು ಅವರ ಹೊಟ್ಟೆಗೆ. ಗೆರೆ ಎಳೆದು, ಕೂಡಿಸಿ, ಕೆಳಗೆ ರುಜು ಬೇರೆ ಹಾಕಿದ್ದರು. ಓದಿದವರ ಲೆಕ್ಕಕ್ಕೆ ನಾನೇಕೆ ಬಾಯಿ ಹಾಕಲಿ ಎಂದು ಸುಮ್ಮನಿದ್ದೆ. ಅದಕ್ಕಾಗಿ ಇವತ್ತಿಗೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ.

ಜನ ಬಂದರು. ಡಾಕ್ಟರ ಕೈಗುಣ ಒಳ್ಳೆಯದೆಂದು ಪಕ್ಕದ ನಗರ ಎಂಬ ಊರಿನವರೆಗೂ ಸುದ್ದಿ ಹೋಯಿತು. ದುಡ್ಡು ಮಾತ್ರ ಪೂರ್ತಿ ಬರಲಿಲ್ಲ. ಮೂರು ರೂಪಾಯಿ ಆದರೆ ಒಂದು ಕೊಟ್ಟು ಎರಡು ಬಾಕಿ ಇಡುವರು. ಇಲ್ಲದವರಷ್ಟೇ ಅಲ್ಲ, ಇದ್ದವರೂ ಹಾಗೆಯೇ. ವೈದ್ಯರ ಲೆಕ್ಕ ಚುಕ್ತಾ ಮಾಡಿದರೆ ಋಣ ಹರಿಯಿತು, ಆಮೇಲೆ ಆ ಕೈಯ ಮದ್ದು ನಾಟುವುದಿಲ್ಲ ಎಂಬ ಭಯ ನಮ್ಮ ಜನಕ್ಕೆ. ನನ್ನ ಅಪ್ಪನೂ ಊರ ಪಂಡಿತರಲ್ಲಿ ಸದಾ ಎಂಟಾಣೆ ಬಾಕಿ ಇಟ್ಟುಕೊಂಡವನೇ. ತಡವಾಗಿ ಇದನ್ನು ಹೇಳಿದಾಗ ಡಾಕ್ಟರು ನಕ್ಕರು. ಮಳೆಗಾಲದ ಹೊತ್ತಿಗೆ ನಗು ನಿಂತಿತ್ತು. ಕೈಗಡಿಯಾರ ಒತ್ತೆ ಬಿತ್ತು, ನನ್ನ ಸಂಬಳ ಮೂರು ತಿಂಗಳು ನಿಂತಿತು. ಇನ್ನು ನಗದು ಕೊಟ್ಟರಷ್ಟೇ ಮಾಲು ಎಂದು ಶಿವಮೊಗ್ಗದ ಔಷಧಿ ಅಂಗಡಿಯವನು ಕಾರ್ಡು ಬರೆದ.

ಅದೇ ವಾರ ನಗರದ ಹತ್ತಿರದ ಪುಟ್ಟಪ್ಪನ ಹೆಂಡತಿ ಗುತ್ಯಮ್ಮನಿಗೆ ಟೈಫಾಯ್ಡ್ ಬಂತು. ಐವತ್ತು ಕ್ಯಾಪ್ಸೂಲ್ ಬೇಕು, ಒಂದಕ್ಕೆ ಒಂದು ರೂಪಾಯಿ. ನಮ್ಮ ಡ್ರಾಯರಿನಲ್ಲಿದ್ದದ್ದು ಹನ್ನೆರಡು ರೂಪಾಯಿ. ಬಸ್ಸಿನ ಕಂಡಕ್ಟರ್ ಕೈಯಲ್ಲಿ ಹನ್ನೆರಡೇ ತರಿಸಿದೆವು, ಮೂರು ದಿನಕ್ಕೆ ಮುಗಿದವು. ಪುಟ್ಟಪ್ಪನ ಮನೆಯ ಬಾಕಿ, ತಾಯಿಯ ಉಬ್ಬಸ, ಮಕ್ಕಳ ಕೆಮ್ಮು ಎಲ್ಲ ಸೇರಿ, ನಲವತ್ತೆಂಟು ರೂಪಾಯಿ ಇತ್ತು.

ಹಳೆಯ ಬಾಕಿ ಈಗ ಕೊಟ್ಟರೆ ಅನುಕೂಲವಾಗುತ್ತಿತ್ತು ಎಂದು ಡಾಕ್ಟರು ಮೆಲ್ಲಗೆ ಕೇಳಿದರು. ಮದ್ದು ತರಲು ದುಡ್ಡಿಲ್ಲ ಎನ್ನಲು ಅವರಿಗೆ ನಾಲಿಗೆ ಏಳಲಿಲ್ಲ. ಡಾಕ್ಟರು ದಿವಾಳಿ ಎಂದು ಊರು ಆಡಿಕೊಂಡರೆ ಗತಿಯೇನು? ಪುಟ್ಟಪ್ಪನ ಸೊಂಟದ ಚೀಲ ದಪ್ಪಗಿತ್ತು, ನಾನು ಕಂಡಿದ್ದೆ. ಅವನು ಐದು ರೂಪಾಯಿ ಮಾತ್ರ ತೆಗೆದಿಟ್ಟು ಕೈಮುಗಿದ.

“ಅವ್ಳು ಹಾಸ್ಗೆ ಹಿಡ್ದಿರೋವಾಗ ಚುಕ್ತಾ ಮಾಡು ಅನ್ಬೇಡಿ ಡಾಕ್ಟ್ರೇ. ನಿಮ್ ಋಣ ನಮ್ ಮನೆ ಮೇಲೆ ಇರ್ಲಿ.”

ನಾನು ಬಾಯಿ ತೆರೆದೆ, ಡಾಕ್ಟರು ಕಣ್ಣಲ್ಲೇ ತಡೆದರು. ಹಾಳು ಮರ್ಯಾದೆ! ಆ ಐದು ರೂಪಾಯಿ ಒಂದು ದಿನಕ್ಕಾಯಿತು. ಮರುದಿನ ಡಾಕ್ಟರು ಮಳೆಯಲ್ಲೇ ಬಾಕಿಯವರ ನಾಲ್ಕು ಮನೆ ತಿರುಗಿದರು. ಎಲ್ಲರೂ ಕೂರಿಸಿ ಕಾಫಿ ಕೊಟ್ಟರು, ಎಂಟಾಣೆ, ಒಂದು ರೂಪಾಯಿ ಕೊಟ್ಟರು, ಯಾರೂ ಪೂರ್ತಿ ಕೊಡಲಿಲ್ಲ. ಅಷ್ಟರಲ್ಲಿ ಹೊಳೆ ತುಂಬಿ ಶಿವಮೊಗ್ಗದ ಬಸ್ಸೂ ನಿಂತಿತು, ಅಲ್ಲಿಗೆ ಅವಳನ್ನು ಸಾಗಿಸುವಂತೆಯೂ ಇರಲಿಲ್ಲ. ಎರಡು ದಿನ ಕಳೆದು ಗುತ್ಯಮ್ಮನ ಹೊಟ್ಟೆ ಉಬ್ಬಿತು. ಕರುಳು ತೂತಾಗಿದೆ ಎಂದು ಡಾಕ್ಟರು ನನಗೊಬ್ಬನಿಗೇ ಹೇಳಿದರು. ಅವಳ ನಾಡಿ ಹಿಡಿದು ಕೂತರು. ಹಿಡಿಯುವುದಕ್ಕೆ ಬೇರೇನೂ ಅವರ ಕೈಯಲ್ಲಿರಲಿಲ್ಲ. ಸಂಜೆಗೆ ಮುಂಚೆ ಅವಳು ಹೋದಳು.

ಉತ್ತರಕ್ರಿಯೆ ಮುಗಿಸಿ ಪುಟ್ಟಪ್ಪ ದವಾಖಾನೆಗೆ ಬಂದ. ಸೊಂಟದ ಚೀಲ ಬಿಚ್ಚಿ ನಲವತ್ತಮೂರು ರೂಪಾಯಿಯನ್ನು ಎಣಿಸಿ ಮೇಜಿನ ಮೇಲಿಟ್ಟ. ಸತ್ತವಳ ತಲೆಯ ಮೇಲೆ ಸಾಲ ಇರಬಾರದು, ಇನ್ನು ಉಳಿಸಿಕೊಂಡು ಮಾಡುವುದೇನಿದೆ ಎಂದ. ಡಾಕ್ಟರು ನೋಟುಗಳನ್ನು ಮುಟ್ಟದೆ ನೋಡುತ್ತ ಕೂತರು.

“ನನ್ ಕಡೆಯಿಂದ ಏನಾದ್ರೂ ಕಮ್ಮಿ ಆಯ್ತಾ ಡಾಕ್ಟ್ರೇ? ಅದೊಂದು ಹೇಳ್ಬಿಡಿ.”

ನಿಜ ಹೇಳಿದ್ದರೆ ಆ ಮನುಷ್ಯ ಮನೆಗೆ ಹೋಗುತ್ತಿರಲಿಲ್ಲ, ನೇರ ಹೊಳೆಗೆ ಹೋಗುತ್ತಿದ್ದ.

“ನಿಮ್ಮಿಂದ ಏನೂ ಕಮ್ಮಿ ಆಗ್ಲಿಲ್ಲ ಪುಟ್ಟಪ್ನೋರೆ” ಎಂದರು ಡಾಕ್ಟರು. “ನನ್ನ ಕೈಲಿ ಆಗ್ಲಿಲ್ಲ.”

ಪುಟ್ಟಪ್ಪ ಕೈಮುಗಿದು ಹೋದ. ಮಧ್ಯಾಹ್ನದ ಬಸ್ಸಿನಲ್ಲಿ ಆ ನಲವತ್ತಮೂರು ರೂಪಾಯಿ ಕಳಿಸಿ ಕ್ಯಾಪ್ಸೂಲ್ ತರಿಸಿದೆವು. ಹೊರಗಿನ ಬೆಂಚಿನ ಮೇಲೆ ಅದೇ ಜ್ವರದವರು ಇನ್ನಿಬ್ಬರು ಕೂತಿದ್ದರು.